ಹ್ಯಾಲ್ಡನ್ ಕೆರೆಯಲ್ಲಿ ದಿನವೂ ಗುರುವಾರ

ಬೆಳಗಿನ ಐದೂಕಾಲು. ಹ್ಯಾಲ್ಡನ್ ಕೆರೆಗೆ ಇನ್ನೂ ಬಣ್ಣ ಬಂದಿಲ್ಲ. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ಹೇಳುವಂತಿಲ್ಲ. ಹದಿನಾಲ್ಕು ಅಡಿಯ ಮರದ ದೋಣಿಯಲ್ಲಿ ನಾವು ನಾಲ್ಕು ಜನ. ನಡುಹಲಗೆಯ ಮೇಲೆ ಕೂತು ಹುಟ್ಟು ಹಾಕುತ್ತಿರುವವರು ನೋಲಾ ಕ್ರಿಡ್‌ಲಂಡ್. ಅರವತ್ತನಾಲ್ಕು ವರ್ಷ, ಐವತ್ತೆರಡು ಕಿಲೋ ತೂಕ. ಡಿಸೆಂಬರ್ ಎಂದರೆ ಇಲ್ಲಿ ಬೇಸಿಗೆ, ಆದರೂ ದಡದ ಹುಲ್ಲಿನ ಮೇಲೆ ಹಿಮ ಕೂತಿದೆ. ಅವರು ಮಾತ್ರ ಉಣ್ಣೆ ಟೋಪಿಯನ್ನು ಎರಡೂ ಕಿವಿಯಿಂದ ಮೇಲಕ್ಕೆ ಸರಿಸಿಕೊಂಡಿದ್ದಾರೆ. ಅವರ ಬೆನ್ನ ಹಿಂದೆ, ದೋಣಿಯ ಮುಂತುದಿಯಲ್ಲಿ, ಗಂಡ ಕ್ಲೆಮ್. ಹಿಂತುದಿಯಲ್ಲಿ ಇವತ್ತಿನ ಗಿರಾಕಿ, ಲಾನ್ಸೆಸ್ಟನ್‌ನ ಹಲ್ಲಿನ ವೈದ್ಯ ವಾರ್ವಿಕ್, ಗಾಳದ ಕೋಲು ಹಿಡಿದು ಕೂತಿದ್ದಾರೆ. ನಾನು ತಳದಲ್ಲಿ ಮುದುಡಿಕೊಂಡಿದ್ದೇನೆ. ಬೀಸುವಾಗ ಗಾಳ ಕಿವಿಗೆ ಸಿಕ್ಕಿಕೊಳ್ಳುತ್ತದೆ, ತಲೆ ಎತ್ತಬೇಡ ಎಂದು ನೋಲಾ ಮೊದಲೇ ಅಪ್ಪಣೆ ಮಾಡಿದ್ದಾರೆ.

"ಗುರುವಾರ," ಎಂದು ಮುಂತುದಿಯಿಂದ ಮೆಲುದನಿ ಬರುತ್ತದೆ.

ನೋಲಾ ತಿರುಗಿ ನೋಡುವುದಿಲ್ಲ. ಒಂದು ಹುಟ್ಟನ್ನು ನೀರಿನಿಂದೆತ್ತಿ ಹಿಡಿದು, ಇನ್ನೊಂದನ್ನು ಎರಡು ಸಲ ಎಳೆಯುತ್ತಾರೆ. ದೋಣಿ ಸದ್ದಿಲ್ಲದೆ ಹೊರಳಿಕೊಳ್ಳುತ್ತದೆ.

ವಾರ್ವಿಕ್ ಹುಬ್ಬೇರಿಸುತ್ತಾರೆ. "ಇವತ್ತು ಶನಿವಾರ ಅಲ್ವಾ?"

"ದಡದಲ್ಲಿ ಶನಿವಾರ. ಇಲ್ಲಿ ಅವನು ಹೇಳಿದ್ದೇ ವಾರ," ಎನ್ನುತ್ತಾರೆ ನೋಲಾ. "ಗಾಳ ಬಿಚ್ಕೊಳ್ಳಿ. ದೋಣಿ ಎಡಕ್ಕೆ, ನಲವತ್ತು ಅಡಿ. ಎದ್ದು ನಿಲ್ಲೋ ಹುಚ್ಚು ಬೇಡ, ಕೂತೇ ಬೀಸಿ."

ಎಡಕ್ಕೆ ನೋಡುತ್ತೇನೆ. ಸಣ್ಣ ಅಲೆಗಳ ನಡುವೆ ಎಣ್ಣೆ ಸುರಿದಂತೆ ನುಣ್ಣಗಿನ ಒಂದು ಪಟ್ಟಿ ದೂರದವರೆಗೆ ಹೋಗಿದೆ. ರಾತ್ರಿ ಹುಟ್ಟಿದ ಹುಳುಗಳನ್ನೆಲ್ಲ ಗಾಳಿ ಆ ಪಟ್ಟಿಗೆ ಗುಡಿಸಿಟ್ಟಿರುತ್ತದೆ. ಬೆಳಗಾಗುವ ಹೊತ್ತಿಗೆ ಟ್ರೌಟ್ ಮೀನುಗಳು ಸಾಲಾಗಿ ಬಂದು ಅವನ್ನು ತಿನ್ನುತ್ತ ಸಾಗುತ್ತವೆ. ಪಟ್ಟಿಯಲ್ಲಿ ಒಂದು ಕಪ್ಪು ಮೂತಿ ಮೇಲೆದ್ದು ಮುಳುಗುತ್ತದೆ. ವಾರ್ವಿಕ್ ಗರಿ ಕಟ್ಟಿದ ಗಾಳವನ್ನು ಅದರ ಮುಂದೆ ಹಗುರವಾಗಿ ಬೀಳಿಸುತ್ತಾರೆ. ಎಣಿಸಿ ಐದು ಕ್ಷಣ. ನೀರು ಒಡೆಯುತ್ತದೆ, ಕೋಲು ಬಾಗುತ್ತದೆ. ಇಷ್ಟರಲ್ಲಿ ನೋಲಾ ಹುಟ್ಟು ಬಿಟ್ಟು ಕೈಬಲೆ ಹಿಡಿದಾಗಿದೆ. ಮೈಮೇಲೆ ಕಂದು ಚುಕ್ಕೆಗಳ ಮೂರು ಪೌಂಡಿನ ಮೀನು ಬಲೆಗೆ ಬರುತ್ತದೆ. ಒದ್ದೆ ಕೈಯಲ್ಲೇ ಗಾಳ ಬಿಡಿಸಿ, ಬಲೆಯನ್ನು ನೀರಿಗಿಳಿಸಿ, ಅದು ತಾನಾಗಿ ಹೊರಟುಹೋಗುವವರೆಗೂ ಅವರು ಹಾಗೇ ಬಾಗಿ ಕಾಯುತ್ತಾರೆ.

"ಗುರುವಾರ," ಎಂದು ಕ್ಲೆಮ್ ಮತ್ತೆ ಹೇಳುತ್ತಾರೆ. ಈ ಸಲ ಅದರಲ್ಲಿ ಸಂತೋಷವಿದೆ ಎಂಬುದು ನನಗೂ ಗೊತ್ತಾಗುತ್ತದೆ.

ನಾನು ಈ ಕೆರೆಯ ಪಕ್ಕ ಹದಿನಾಲ್ಕು ವರ್ಷದಿಂದ ಇದ್ದೇನೆ. ನೋಲಾ ಬ್ರೆಡ್ಡು ಕೊಳ್ಳುವ ಅಂಗಡಿಯಲ್ಲೇ ನಾನೂ ಕೊಳ್ಳುತ್ತೇನೆ. ಮುಂತುದಿಯಲ್ಲೊಬ್ಬ ಮುದುಕ ಕೂತಿರುವ ಈ ದೋಣಿಯನ್ನು ಕಿಟಕಿಯಿಂದ ನೂರಾರು ಸಲ ನೋಡಿದ್ದೇನೆ. ಒಂದೇ ಒಂದು ಪದ ಬರುವ ಮನುಷ್ಯ ಒಂದು ದೋಣಿಗೆ ದಾರಿ ಹೇಳುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಈ ಬೇಸಿಗೆಯವರೆಗೂ ಕೇಳಿರಲಿಲ್ಲ. ಕೇಳಿದಾಗ ನೋಲಾ ನಕ್ಕುಬಿಟ್ಟರು. "ಹೇಳಿದ್ರೆ ಅರ್ಥ ಆಗಲ್ಲ ಮಾರಾಯ. ನಾಳೆ ನಾಲ್ಕೂವರೆಗೆ ದೋಣಿ ಹತ್ರ ಬಾ. ತಡ ಮಾಡಿದ್ರೆ ಬಿಟ್ಟು ಹೋಗ್ತೀನಿ, ಆಮೇಲೆ ಪೇಪರ್‌ನೋರು ಅಂತ ಮುಖ ಊದಿಸ್ಕೋಬೇಡ."

ನೋಲಾ ಏಳುವುದು ಮೂರೂನಲವತ್ತಕ್ಕೆ. ಮೊದಲು ಕ್ಲೆಮ್‌ಗೆ ಬಟ್ಟೆ ಹಾಕಬೇಕು. ಬಲಗೈ ಬಲಗಾಲು ಎರಡೂ ಸ್ವಾಧೀನದಲ್ಲಿಲ್ಲದವರಿಗೆ ಮೂರು ಪದರ ಉಣ್ಣೆ, ಅದರ ಮೇಲೆ ಲೈಫ್ ಜಾಕೆಟ್ ತೊಡಿಸಲು ಇಪ್ಪತ್ತೈದು ನಿಮಿಷ ಬೇಕು. ಆಮೇಲೆ ಎರಡು ಫ್ಲಾಸ್ಕ್ ಚಹಾ. ಹಿಂದಿನ ದಿನವೇ ಮಾಡಿಟ್ಟ ಮೊಟ್ಟೆ ಮತ್ತು ಬೇಕನ್ ಹಾಕಿದ ಪೈ. ಬೆಳಗಿನ ಆ ನಾಲ್ಕು ತಾಸಿನಲ್ಲಿ ಹೆಚ್ಚುಕಡಿಮೆ ಸಾವಿರದ ಇನ್ನೂರು ಸಲ ಹುಟ್ಟು ಎಳೆಯುತ್ತಾರಂತೆ. ಮೋಟಾರ್ ಇದೆ, ಆದರೆ ಅದು ಗಾಳಿ ಎದ್ದಾಗ ಮನೆಗೆ ಬರಲು ಮಾತ್ರ. ಹುಟ್ಟು ಕೂರುವ ಕಬ್ಬಿಣದ ಕವೆಗಳಿಗೆ ಕುರಿಚರ್ಮ ಸುತ್ತಿದ್ದಾರೆ, ಕಿರುಗುಟ್ಟಬಾರದೆಂದು. ಕಳೆದ ಹಂಗಾಮಿನಲ್ಲಿ ನೂರ ಹನ್ನೆರಡು ಬೆಳಗು ಕೆರೆಗಿಳಿದಿದ್ದಾರೆ. ಅಂಗೈ ತೋರಿಸಿ ಎಂದರೆ ತೋರಿಸುತ್ತಾರೆ, ಮುಜುಗರವಿಲ್ಲ. ದಪ್ಪ ಚರ್ಮದ ನಾಲ್ಕು ಗಂಟುಗಳು. "ಈ ಕೈಯಲ್ಲಿ ಒಲೆ ಮೇಲಿನ ಪಾತ್ರೆ ಬಟ್ಟೆ ಇಲ್ದೇ ಇಳಿಸ್ಬಹುದು," ಎನ್ನುತ್ತಾರೆ.

ಒಲೆಯೇ ಅವರ ಮೊದಲ ಕಸುಬು. ಕೆರೆಯ ಆಚೆ ದಡದಲ್ಲಿ ಮೀನು ಹಿಡಿಯಲು ಬರುವವರಿಗೆಂದೇ ಇದ್ದ ವಸತಿಗೃಹದ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದಿದ್ದಾರೆ. ಕ್ಲೆಮ್ ಅದೇ ವಸತಿಗೃಹದ ಗೈಡ್, ಈ ಗುಡ್ಡದಲ್ಲೇ ಹೆಸರಾದವರು. ಗಂಡ ಗಿರಾಕಿಗಳನ್ನು ಕರೆದುಕೊಂಡು ದೋಣಿ ಹತ್ತಿದರೆ ಹೆಂಡತಿ ದಡದಿಂದ ಊಟದ ಬುಟ್ಟಿ ಎತ್ತಿ ಕೊಡುವುದು. ಅಷ್ಟು ವರ್ಷವೂ ಒಂದು ಸಲವೂ ಅವರು ಆ ದೋಣಿಯಲ್ಲಿ ಕೂತಿರಲಿಲ್ಲ.

"ಯಾರೂ ಬೇಡ ಅಂದಿರ್ಲಿಲ್ಲ, ಬಾ ಅಂತಾನೂ ಅಂದಿರ್ಲಿಲ್ಲ," ಎನ್ನುತ್ತಾರೆ. "ಬಡಿಸೋವಾಗ ಕೇಳಿಸ್ಕೊಳ್ತಿದ್ದೆ ಅಷ್ಟೇ. ಮೀನು ಎಲ್ಲಿ ಸಿಕ್ತು, ಎಲ್ಲಿ ತಪ್ಪಿಸ್ಕೊಳ್ತು, ಗಾಳಿ ಯಾವ ಕಡೆಯಿಂದ ಇತ್ತು. ಗಂಡಸರು ಸೂಪ್ ಮುಂದೆ ಕೂತಾಗ ಸುಳ್ಳು ಹೇಳ್ತಾರೆ, ಪುಡಿಂಗ್ ಹೊತ್ತಿಗೆ ನಿಜ ಬಾಯಿಬಿಡ್ತಾರೆ."

ಒಂಬತ್ತು ವರ್ಷದ ಹಿಂದೆ, ಕ್ಲೆಮ್‌ಗೆ ಅರವತ್ತೆರಡು ತುಂಬಿದ ಚಳಿಗಾಲದಲ್ಲಿ, ಸೌದೆ ಒಡೆಯುತ್ತಿದ್ದವರು ಕುಸಿದು ಬಿದ್ದರು. ಲಕ್ವ. ಆಸ್ಪತ್ರೆಯಲ್ಲಿ ಮೂರು ದಿನ ಕಣ್ಣು ಬಿಡಲಿಲ್ಲ. ಕಣ್ಣು ಬಿಟ್ಟ ದಿನ ವೈದ್ಯೆ ಅವರನ್ನು ಮಾತಾಡಿಸಲೆಂದು ಇವತ್ತು ಯಾವ ವಾರ ಎಂದು ಕೇಳಿದರು. "ಗುರುವಾರ," ಎಂದರು ಕ್ಲೆಮ್. ಉತ್ತರ ಸರಿಯಾಗಿತ್ತು. ನೋಲಾ ಸಂತೋಷದಿಂದ ಅತ್ತುಬಿಟ್ಟರು. ಹೆಸರೇನು ಎಂದು ಕೇಳಿದಾಗಲೂ ಗುರುವಾರ. ಇವರು ಯಾರು ಎಂದು ನೋಲಾರನ್ನು ತೋರಿಸಿದಾಗಲೂ ಗುರುವಾರ. ಎಲ್ಲವೂ ಅರ್ಥವಾಗುತ್ತಿತ್ತು, ಹೊರಗೆ ಬರುವುದು ಮಾತ್ರ ಆ ಒಂದೇ ಪದ. ಕೆಲವರಿಗೆ ಹೀಗೆ ಒಂದು ಪದ ಉಳಿದುಬಿಡುತ್ತದೆ ಎಂದರು ವೈದ್ಯೆ.

"ಉಳಿಯೋದೇ ಆದ್ರೆ ನನ್ನ ಹೆಸರು ಉಳೀಬಾರ್ದಿತ್ತಾ? ಎರಡೇ ಅಕ್ಷರ," ಎಂದು ನೋಲಾ ನನಗೆ ಹೇಳುವಾಗ ಕ್ಲೆಮ್ ಅಲ್ಲೇ ಕೂತಿದ್ದರು. ಎಡಗೈಯಲ್ಲಿ ಹೆಂಡತಿಯ ಬೆನ್ನಿಗೊಂದು ಗುದ್ದು ಕೊಟ್ಟರು.

ಅದೇ ವರ್ಷದ ನವೆಂಬರ್‌ನಲ್ಲಿ ಮೆಲ್ಬರ್ನ್‌ನಿಂದ ಜೋನಸ್ ಆಸ್ಕಿನ್ ಎಂಬ ಗಿರಾಕಿ ಬಂದಿಳಿದರು. ಪಿಯಾನೊಗಳಿಗೆ ಶ್ರುತಿ ಮಾಡುವುದು ಅವರ ಕೆಲಸ. ಹಿಂದಿನ ವರ್ಷವೇ ನಾಲ್ಕು ಬೆಳಗು ಗೊತ್ತು ಮಾಡಿಕೊಂಡಿದ್ದವರಿಗೆ, ಬರಬೇಡಿ ಎಂದು ನೋಲಾ ಬರೆದ ಕಾಗದ ಸಿಕ್ಕಿರಲೇ ಇಲ್ಲ. ಬಾಗಿಲಲ್ಲಿ ಗಾಳದ ಕೋಲು ಹಿಡಿದು ನಿಂತವರನ್ನು ಕಂಡು ನೋಲಾಗೆ ಏನು ತೋಚಿತೋ, "ಕ್ಲೆಮ್‌ಗೆ ಆಗಲ್ಲ. ನಾನು ಕರ್ಕೊಂಡು ಹೋಗ್ತೀನಿ," ಎಂದುಬಿಟ್ಟರು.

ಮೊದಲ ಬೆಳಗು ದೋಣಿ ಸುತ್ತಿದಲ್ಲೇ ಸುತ್ತಿತು. ಒಂದು ಮೀನೂ ಕಾಣಲಿಲ್ಲ. ದಡದಲ್ಲಿ ಗಾಲಿಕುರ್ಚಿಯ ಮೇಲಿದ್ದ ಕ್ಲೆಮ್ ಕೂಗಿ ಕೂಗಿ, ಕೊನೆಗೆ ತಲೆಯ ಟೋಪಿ ಕಿತ್ತು ನೀರಿಗೆಸೆದರು. ಎರಡನೆಯ ಬೆಳಗು ಅವರನ್ನು ಮನೆಯಲ್ಲಿ ಬಿಟ್ಟು ಹೋಗಲು ಧೈರ್ಯ ಸಾಲದೆ, ನೋಲಾ ಮತ್ತು ಜೋನಸ್ ಇಬ್ಬರೂ ಸೇರಿ ಎತ್ತಿ ಮುಂತುದಿಯಲ್ಲಿ ಕೂರಿಸಿದರು. ಆ ದಿನ ಇನ್ನೂ ಕೆಟ್ಟದಾಗಿ ಹೋಯಿತು. ಕ್ಲೆಮ್ ಗುರುವಾರ ಎನ್ನುತ್ತಿದ್ದರು. ನೋಲಾ ಎಡಕ್ಕೆ ತಿರುಗಿಸಿದರೆ ಇನ್ನೂ ಜೋರಾಗಿ ಗುರುವಾರ, ಬಲಕ್ಕೆ ತಿರುಗಿಸಿದರೆ ಅಳುವ ದನಿಯಲ್ಲಿ ಗುರುವಾರ. ಒಂದು ಗಂಟೆ ತಡೆದುಕೊಂಡ ನೋಲಾ ಹುಟ್ಟು ಕೈಬಿಟ್ಟು, "ಸಾಕು ಮಾಡು! ನಿನ್ನ ಬಾಯಲ್ಲಿ ಬೇರೆ ಮಾತೇ ಬರಲ್ವಾ?" ಎಂದು ಕಿರುಚಿದರು.

ಇದನ್ನು ಹೇಳುವಾಗ ಈಗಲೂ ಅವರ ದನಿ ಸಣ್ಣದಾಗುತ್ತದೆ. "ಬರಲ್ಲ ಅಂತ ಗೊತ್ತಿದ್ದೂ ಕೇಳ್ದೆ ನೋಡು. ದೋಣಿಯಲ್ಲಿ ಎದ್ದು ಹೋಗೋಕೂ ಜಾಗ ಇರಲ್ಲ."

ಆಗ ಮಾತಾಡಿದವರು ಜೋನಸ್. "ನೋಲಾ, ಬೇಜಾರು ಮಾಡ್ಕೋಬೇಡಿ. ಅವರು ಹೇಳ್ತಿರೋದು ಒಂದೇ ಮಾತಲ್ಲ. ಒಂದು ಗುರುವಾರ ಮೇಲಕ್ಕೆ ಹೋಗುತ್ತೆ, ಇನ್ನೊಂದು ಕೆಳಕ್ಕೆ ಇಳಿಯುತ್ತೆ. ನಾನು ದಿನಾ ಕೇಳೋದೇ ಅದನ್ನ."

ಅಲ್ಲೇ ನೀರಿನ ನಡುವೆ ಜೋನಸ್ ಪರೀಕ್ಷೆಗೆ ಕೈಹಾಕಿದರು. ಎಡ ಎಂದು ಹೇಳಿ ಎಂದರು. ಕ್ಲೆಮ್‌ರ ಪದ ಮೇಲಕ್ಕೇರಿತು. ಬಲ ಎಂದು ಹೇಳಿ ಎಂದರು. ಕೆಳಗಿಳಿಯಿತು. ದೂರ ಎಂದಾಗ ವಾ ಅಕ್ಷರ ಎಳೆದುಕೊಂಡಿತು, ಹತ್ತಿರ ಎಂದಾಗ ಕತ್ತರಿಸಿದಂತೆ ಬಂತು. ನಿಲ್ಲು ಎಂಬುದು ಬರೀ ಉಸಿರು. ಕ್ಲೆಮ್‌ಗೂ ತಾವು ಹಾಗೆ ಹೇಳುತ್ತಿದ್ದೇವೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲವೇನೋ. ಪುಟ್ಟ ಮಗುವಿನ ಹಾಗೆ ಕಣ್ಣರಳಿಸಿ ತಮ್ಮ ಬಾಯನ್ನೇ ಮುಟ್ಟಿಕೊಂಡರಂತೆ.

ಆದರೂ ದೋಣಿ ತಪ್ಪು ದಿಕ್ಕಿಗೇ ಹೋಗುತ್ತಿತ್ತು. ಯಾಕೆಂದು ನೋಲಾಗೆ ಹೊಳೆದದ್ದು ಆ ರಾತ್ರಿ ತಟ್ಟೆ ಒರೆಸುವಾಗ. ಕ್ಲೆಮ್ ಕೂರುವುದು ಮುಂದಕ್ಕೆ ಮುಖ ಮಾಡಿ, ಹುಟ್ಟು ಹಾಕುವವರು ಕೂರುವುದು ಹಿಂದಕ್ಕೆ ಮುಖ ಮಾಡಿ. ಅವರ ಎಡ ಇವರ ಬಲ. ಮೂರನೆಯ ಬೆಳಗು ಜೋನಸ್ ಆರು ಮೀನು ಹಿಡಿದರು. ನಾಲ್ಕನೆಯ ಬೆಳಗು ಒಂಬತ್ತು. ಮುಂದಿನ ವರ್ಷಕ್ಕೂ ದಿನ ಗೊತ್ತು ಮಾಡಿಕೊಂಡೇ ಹೊರಟರು.

ಎರಡು ವರ್ಷ ಹೀಗೇ ನಡೆಯಿತು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಗಿರಾಕಿಗಳೂ ಬಂದರು. ಆಮೇಲೆ ಯಾರೋ ಗೈಡ್‌ಗಳಿಗೆ ಪರವಾನಗಿ ಕೊಡುವ ಕಚೇರಿಗೆ ಸಹಿ ಇಲ್ಲದ ದೂರು ಬರೆದರು. ಪರವಾನಗಿ ಇರುವುದು ಕ್ಲೆಮ್ ಹೆಸರಿಗೆ, ಅವರೋ ರೋಗಿ. ಅಡುಗೆಯವಳು ಹುಟ್ಟು ಹಾಕುತ್ತಾಳೆ, ಮಾತು ಬಾರದವನು ದಾರಿ ತೋರಿಸುತ್ತಾನೆ. ಇವತ್ತಲ್ಲ ನಾಳೆ ಯಾರಾದರೂ ಮುಳುಗುತ್ತಾರೆ ಎಂದಿತ್ತು ಅದರಲ್ಲಿ.

"ಸಿಟ್ಟು ಬಂತಾ?" ಎಂದು ಕೇಳುತ್ತೇನೆ.

"ಬಂತು. ಆದ್ರೆ ಬರೆದಿದ್ರಲ್ಲಿ ಸುಳ್ಳೇನಿತ್ತು ಹೇಳು? ಅಡುಗೆಯವಳು ಹೌದು. ಮಾತು ಬಾರದವನು ಹೌದು. ಮುಳುಗಿಸ್ತೀವಿ ಅನ್ನೋದೊಂದು ಅವರ ಊಹೆ."

ನೋಲಾ ತಮ್ಮ ಹೆಸರಿನಲ್ಲೇ ಪರೀಕ್ಷೆಗೆ ಅರ್ಜಿ ಹಾಕಿದರು. ಆಗ ಐವತ್ತೇಳು ವರ್ಷ. ಬರವಣಿಗೆಯ ಪರೀಕ್ಷೆಗೆ ಒಂದು ಚಳಿಗಾಲ ಪೂರ್ತಿ ಓದಿದರು. ಕ್ಲೆಮ್ ಎದುರು ಕೂತು, ಉತ್ತರ ತಪ್ಪಾದರೆ ಚಮಚದಿಂದ ಮೇಜು ಕುಟ್ಟುತ್ತಿದ್ದರು. ಅದರಲ್ಲಿ ಪಾಸಾದರು. ಉಳಿದದ್ದು ಕೆರೆಯ ಪರೀಕ್ಷೆ. ಪರೀಕ್ಷಕರನ್ನು ಎರಡು ಗಂಟೆ ಕರೆದೊಯ್ದು ಮೀನು ತೋರಿಸಬೇಕು. ಜೊತೆಗೆ ಬೇರೆ ಯಾರೂ ಇರುವಂತಿಲ್ಲ.

ಅವತ್ತು ಕ್ಲೆಮ್‌ರನ್ನು ದಡದಲ್ಲಿ ಕೂರಿಸಿ ದೋಣಿ ತಳ್ಳಿದಾಗ ಬೆನ್ನ ಹಿಂದೆ ಖಾಲಿ ಎನಿಸಿತಂತೆ. ಮುಂದೇನಿದೆ ಎಂದು ಹೇಳುವವರಿಲ್ಲ. ಒಂದಷ್ಟು ದೂರ ಹೋದ ಮೇಲೆ ನೋಲಾ ಹಲಗೆಯ ಮೇಲೆ ತಿರುಗಿ ಮುಂದಕ್ಕೆ ಮುಖ ಮಾಡಿ ಕೂತರು. ಹುಟ್ಟನ್ನು ಎಳೆಯುವ ಬದಲು ತಳ್ಳತೊಡಗಿದರು. ಹಾಗೆ ಮಾಡಿದರೆ ಭುಜ ಬೇಗ ಸೋಲುತ್ತದೆ. ಮುಕ್ಕಾಲು ಗಂಟೆ ಏನೂ ಇಲ್ಲ. ಪರೀಕ್ಷಕ ಎರಡು ಸಲ ಗಡಿಯಾರ ನೋಡಿದರು.

"ಕ್ಲೆಮ್ ಇದ್ದಿದ್ರೆ ಎಲ್ಲಿ ನೋಡ್ತಿದ್ದ ಅಂತ ಯೋಚಿಸ್ದೆ. ನೀರು ನೋಡ್ತಿರ್ಲಿಲ್ಲ ಅವನು, ನೀರಿನ ಮೇಲೆ ನೋಡ್ತಿದ್ದ. ನಾನೂ ತಲೆ ಎತ್ದೆ. ದೂರದ ಮೂಲೇಲಿ ಅಂಬರಗುಬ್ಬಿಗಳು ಕೆಳಕ್ಕೆ ಬಂದು ಬಂದು ಹೋಗ್ತಿದ್ವು. ಹಕ್ಕಿ ಇಳೀತಿದೆ ಅಂದ್ರೆ ಹುಳ ಇದೆ. ಹುಳ ಇದ್ರೆ ಮೀನು ಇದ್ದೇ ಇದೆ. ಎಷ್ಟು ವರ್ಷ ಪುಡಿಂಗ್ ಬಡಿಸೋವಾಗ ಕೇಳಿದ್ದೆ ಇದನ್ನ!"

ಅಲ್ಲಿ ಹನ್ನೊಂದು ಮೀನು ತೋರಿಸಿದರು. ಪರೀಕ್ಷಕ ಎರಡನ್ನು ತಪ್ಪಿಸಿಕೊಂಡು ಮೂರನೆಯದನ್ನು ಹಿಡಿದರು. ದಡಕ್ಕೆ ಬಂದವರೇ ದೋಣಿಯ ಅಂಚಿನ ಮೇಲಿಟ್ಟು ಕಾಗದಕ್ಕೆ ಸಹಿ ಹಾಕಿದರು. "ಹನ್ನೊಂದು ಕ್ಲೆಮ್, ಹನ್ನೊಂದು!" ಎಂದು ನೋಲಾ ಓಡಿದರು. ಕ್ಲೆಮ್ ಅವರನ್ನೊಮ್ಮೆ, ಕೆರೆಯನ್ನೊಮ್ಮೆ ನೋಡಿ, ಎಡಗೈ ಚಾಚಿ ಹೆಂಡತಿಯ ಕೈ ಕುಲುಕಿದರು. ಹೊಸದಾಗಿ ಪರಿಚಯವಾದವರ ಕೈ ಕುಲುಕುವ ಹಾಗೆ. ಆಮೇಲೆ ಊರುಗೋಲು ಹಿಡಿದು ಒಬ್ಬರೇ ನಡೆದು ಹೋಗಿ ಕಾರಿನಲ್ಲಿ ಕೂತರು.

ಮರುದಿನ ಅವರು ಏಳಲಿಲ್ಲ. ಅದರ ಮರುದಿನವೂ ಗೋಡೆ ಕಡೆ ತಿರುಗಿ ಮಲಗಿದ್ದರು. ನೋಲಾ ಗಿರಾಕಿಗಳೊಂದಿಗೆ ಒಬ್ಬರೇ ಹೋದರು. ಎರಡು ದಿನವೂ ಮೀನು ಚೆನ್ನಾಗಿಯೇ ಸಿಕ್ಕಿತು. ಹಾಗೆ ಸಿಕ್ಕಿದ್ದೇ ಕಷ್ಟಕ್ಕೆ ಬಂತು ಎನ್ನುತ್ತಾರೆ. ಮನೆಗೆ ಬಂದು ಏನೆಂದು ಹೇಳುವುದು? ಸಿಗಲಿಲ್ಲ ಎಂದು ಸುಳ್ಳು ಹೇಳಿದರೆ ಕ್ಲೆಮ್‌ಗೆ ತಿಳಿಯದೆ ಇರುತ್ತದೆಯೇ?

ಮೂರನೆಯ ಬೆಳಗು ದೀಪ ಹಾಕಿ, ಅವರ ಕಾಲುಚೀಲ ಹಿಡಿದು ಹಾಸಿಗೆಯ ಬಳಿ ನಿಂತರು.

"ಏಳು ಮುದುಕಾ. ನೀನಿಲ್ದೇನೂ ಮೀನು ಸಿಗುತ್ತೆ, ಅದು ನಿಂಗೂ ಗೊತ್ತು ನಂಗೂ ಗೊತ್ತು. ಆದ್ರೆ ನಿನ್ನೆ ಬಂದಿದ್ದ ಆ ಪುಣ್ಯಾತ್ಮ ನಾಲ್ಕು ಗಂಟೆ ತನ್ನ ಹೊಸ ಅಡುಗೆಮನೆ ಕಟ್ಟಿಸಿದ್ದು ಹೇಳ್ದ. ಅಲಮಾರು, ಅಲಮಾರಿನ ಹಿಡಿ, ಹಿಡಿಯ ಬಣ್ಣ. ನನ್ನ ಬೆನ್ನಿಗೆ ಯಾರೂ ಇಲ್ಲ. ಯಾರ ಮುಖ ನೋಡಿ ನಗಲಿ ನಾನು?"

ಗೋಡೆ ಕಡೆ ಮುಖ ಮಾಡಿದ್ದ ಕ್ಲೆಮ್‌ರ ಬೆನ್ನು ಕುಲುಕತೊಡಗಿತು. ಅಳುತ್ತಿದ್ದಾರೆಂದು ನೋಲಾ ಗಾಬರಿಯಾದರು. ಕ್ಲೆಮ್ ನಗುತ್ತಿದ್ದರು. ಹಾಗೆ ನಗುತ್ತಲೇ ಎಡಗಾಲನ್ನು ಕಾಲುಚೀಲಕ್ಕೆ ಚಾಚಿದರು.

ಅಂದಿನಿಂದ ಇಂದಿನವರೆಗೆ ಒಂದು ಬೆಳಗೂ ತಪ್ಪಿಲ್ಲ. ದಾರಿ ಹೇಳುವವರು ಯಾರು ಎಂಬ ಜಗಳವೂ ತಪ್ಪಿಲ್ಲ. ಇವತ್ತು ಏಳು ಗಂಟೆಗೆ ಸಣ್ಣ ಗಾಳಿ ಎದ್ದಾಗ ಕ್ಲೆಮ್‌ರ ಪದ ಮೇಲಕ್ಕೇರಿತು, ಎಡ ಎಂದರ್ಥ. ನೋಲಾ ಬೇಕೆಂದೇ ಬಲಕ್ಕೆ ತಿರುಗಿಸಿದರು. ಮುಂತುದಿಯಿಂದ ಮೂರು ಗುರುವಾರ ಒಂದರ ಹಿಂದೊಂದು ಬಂದವು.

"ಇದನ್ನ ಪೇಪರ್‌ನಲ್ಲಿ ಹಾಕೋ ಹಾಗಿಲ್ಲ," ಎಂದು ನೋಲಾ ನನ್ನ ಕಡೆ ಬಾಗಿದರು.

ಬಲಗಡೆ ಕಲ್ಲುಗಳ ಬದಿಯಲ್ಲಿ ವಾರ್ವಿಕ್‌ಗೆ ಎರಡು ಮೀನು ಸಿಕ್ಕವು. ಕ್ಲೆಮ್ ಬೇರೆತ್ತಲೋ ನೋಡುತ್ತ ಕೂತರು. ಅರ್ಧ ಗಂಟೆಯ ಮೇಲೆ ಅವರು ಹೇಳಿದ್ದ ಎಡಗಡೆಗೇ ಹೋದೆವು. ಅಲ್ಲಿ ಸಿಕ್ಕಿದ್ದು ಐದು ಪೌಂಡಿನದು, ಇವತ್ತು ಸಿಕ್ಕಿದ್ದರಲ್ಲೆಲ್ಲ ದೊಡ್ಡದು. ಕ್ಲೆಮ್ ಹಿಂದಕ್ಕೆ ತಿರುಗಿ ಎಡಗೈ ಚಾಚಿ, ಹೆಂಡತಿಯ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಬಿಟ್ಟರು.

ನಾನೂ ಆ ಭಾಷೆ ಕಲಿಯಲು ನೋಡಿದೆ. ಕಣ್ಣು ಮುಚ್ಚಿ ನಾಲ್ಕು ಸಲ ಊಹಿಸಿದೆ, ಮೂರು ಸಲ ತಪ್ಪಿದೆ. "ಎಡ" ಎಂದು ನಾನು ಖಚಿತವಾಗಿ ಹೇಳಿದ್ದರ ಅರ್ಥ "ಚಹಾ" ಎಂದಾಗಿತ್ತು.

ಒಂಬತ್ತು ಗಂಟೆಗೆ ಅವರ ಅಡುಗೆಮನೆಯಲ್ಲಿದ್ದೇವೆ. ವಾರ್ವಿಕ್ ಊರಿಗೆ ಹೊರಟಾಗಿದೆ. ಒಲೆಯ ಪಕ್ಕ ಕ್ಲೆಮ್ ತೂಕಡಿಸುತ್ತಿದ್ದಾರೆ. ನೋಲಾ ಸಿಂಕಿನ ಮುಂದೆ ಫ್ಲಾಸ್ಕ್ ತೊಳೆಯುತ್ತಿದ್ದಾರೆ. ಇಷ್ಟು ವರ್ಷ ದುಡಿದ ಮೇಲೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಇದೆ. ದೋಣಿ ಇಳಿಸೋ ಕಡೆ ಒಂದು ಪಾಯಿಖಾನೆ. ಗಂಡಸರು ಮರದ ಹಿಂದೆ ಹೋಗಿ ಬರ್ತಾರೆ, ಅವರಿಗೇನು. ಮೂರು ಪದರ ಬಟ್ಟೆ ಹಾಕ್ಕೊಂಡು ಹಿಮದಲ್ಲಿ ನಾನು ಏನ್ಮಾಡ್ಲಿ? ನಾಲ್ಕು ಸಲ ಅರ್ಜಿ ಕೊಟ್ಟಿದ್ದೀನಿ. ಇದನ್ನ ಬೇಕಾದ್ರೆ ಪೇಪರ್‌ನಲ್ಲಿ ಹಾಕು, ದೊಡ್ಡ ಅಕ್ಷರದಲ್ಲಿ ಹಾಕು."

ಗೋಡೆಯ ಫೋನ್ ಬಡಿದುಕೊಳ್ಳುತ್ತದೆ. ಕೈಯೆಲ್ಲ ಸೋಪಿನ ನೊರೆ. ನೋಲಾ ಮೊಣಕೈಯಿಂದ ಗುಂಡಿ ಒತ್ತುತ್ತಾರೆ. ಅಡುಗೆಮನೆ ತುಂಬ ಗಂಡಸೊಬ್ಬರ ದನಿ.

"ನಮಸ್ಕಾರಮ್ಮ. ಸಿಡ್ನಿಯಿಂದ ಮಾತಾಡ್ತಿದ್ದೀನಿ. ಹ್ಯಾಲ್ಡನ್ ಕೆರೆ ಗೈಡ್ ಮನೆ ಅಲ್ವಾ? ಫೆಬ್ರವರಿಯಲ್ಲಿ ಮೂರು ಬೆಳಗು ಬೇಕಿತ್ತು. ಗೈಡ್‌ಗೆ ಸ್ವಲ್ಪ ಫೋನ್ ಕೊಡ್ತೀರಾ?"

ನೋಲಾ ಕೈಗಳನ್ನು ಒರೆಸಿಕೊಳ್ಳುತ್ತಾರೆ. ಅವಸರವಿಲ್ಲ. ಒಂದೊಂದೇ ಬೆರಳು.

"ಗೈಡೇ ಮಾತಾಡ್ತಿರೋದು," ಎನ್ನುತ್ತಾರೆ. "ಹೇಳಿ."